ಟಿಪ್ಪು ಕಾಲದ ರಾಕೆಟ್‌ನಲ್ಲಿ ನಿಜವಾಗಿ ಹೊಸದೇನಿತ್ತು?

ಮಲ್ನಾಡ್ ಮಳೆ:
ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಲ್ಲಿ 2018ರಲ್ಲಿ ಹಾಳು ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನೆನಪಿದೆಯಲ್ವಾ? ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಉದ್ದ ಹೆಚ್ಚೆಂದರೆ 26 ಸೆಂ.ಮೀ. ಆ ಸುದ್ದಿ ಬಂದಾಗಿನಿಂದ ನಾನು ಎರಡು ಥರದ ಮಾತು ಕೇಳುತ್ತಿದ್ದೇನೆ. ಪ್ರಪಂಚದ ಮೊದಲ ರಾಕೆಟ್ ಮಾಡಿದ್ದೇ ಟಿಪ್ಪು ಅಂತ ಕೆಲವರು. ಚೀನಾದವರು ಯಾವತ್ತೋ ಮಾಡಿದ್ದನ್ನು ಇಲ್ಲಿ ಹಾರಿಸಿದರು ಅಷ್ಟೇ, ಅದರಲ್ಲೇನಿದೆ ಅಂತ ಇನ್ನು ಕೆಲವರು. ಟಿಪ್ಪು ಹೆಸರು ಬಂದ ಕೂಡಲೇ ಮಾತು ರಾಜಕೀಯಕ್ಕೆ ಹೊರಳುತ್ತದೆ, ರಾಕೆಟ್ ಮರೆತೇ ಹೋಗುತ್ತದೆ. ನನಗೆ ಬೇಕಿರುವುದು ಇಷ್ಟು: ಮೈಸೂರಿನಲ್ಲಿ ಬದಲಾಗಿದ್ದು ಏನು? ಈಗ ಶ್ರೀಹರಿಕೋಟಾದಿಂದ ಹಾರುವ ರಾಕೆಟ್‌ಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಕುಲುಮೆ:
ಬದಲಾಗಿದ್ದು ಕೊಳವೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿದರೆ ಕರಿಮದ್ದು. ಅದು ಚೀನಾದಲ್ಲಿ ಹುಟ್ಟಿದ್ದು, ಅದರಲ್ಲಿ ಅನುಮಾನ ಇಲ್ಲ. ಅದನ್ನು ತುಂಬಿದ ಬಾಣಗಳೂ ಅಲ್ಲೇ ಮೊದಲು ಹಾರಿದ್ದು. ಆಮೇಲೆ ನೂರಾರು ವರ್ಷ ಎಲ್ಲ ಕಡೆ ಮದ್ದು ತುಂಬುತ್ತಿದ್ದದ್ದು ಬಿದಿರಿನ ಅಥವಾ ಕಾಗದದ ಕೊಳವೆಗೆ. ತೊಂದರೆ ಇದ್ದದ್ದೇ ಅಲ್ಲಿ. ಹಿಂದಿನಿಂದ ಅನಿಲ ಎಷ್ಟು ಜೋರಾಗಿ ನುಗ್ಗುತ್ತದೋ ರಾಕೆಟ್ ಅಷ್ಟು ಜೋರಾಗಿ ಮುಂದೆ ಹೋಗುತ್ತದೆ, ಹಾಗೆ ನುಗ್ಗಬೇಕಾದರೆ ಕೊಳವೆಯ ಒಳಗೆ ಒತ್ತಡ ಏರಬೇಕು. ಒತ್ತಡ ಏರಿದಷ್ಟೂ ಕರಿಮದ್ದು ಇನ್ನೂ ಬೇಗ ಉರಿಯುತ್ತದೆ. ಕಾಗದ ಅಷ್ಟನ್ನು ತಡೆಯುವುದಿಲ್ಲ, ಸೀಳಿ ಹೋಗುತ್ತದೆ. ಕಬ್ಬಿಣದ ಕೊಳವೆ ಆದರೆ ಮದ್ದನ್ನು ಗಟ್ಟಿಯಾಗಿ ಜಡಿದು ತುಂಬಬಹುದು, ಜಾಸ್ತಿ ತುಂಬಬಹುದು, ಒತ್ತಡವೂ ಹೆಚ್ಚು ನಿಲ್ಲುತ್ತದೆ. ಅದೇ ಮದ್ದು, ಆದರೆ ದೂರ ಹೋಗುತ್ತದೆ. ಮೈಸೂರಿನ ರಾಕೆಟ್‌ಗಳು ಒಂದು ಕಿಲೋಮೀಟರ್ ದಾಟಿ ಬೀಳುತ್ತಿದ್ದವು, ಆ ಕಾಲದ ಯುರೋಪಿನ ರಾಕೆಟ್‌ಗಳಿಗೆ ಅದು ಆಗುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಕಬ್ಬಿಣ ಕರಗಿಸುವವರು, ಬಡಿಯುವವರು ಊರೂರಲ್ಲಿ ಇದ್ದರು. ತಗಡನ್ನು ಬಡಿದು ಕೊಳವೆ ಮಾಡಿ, ತೊಗಲಿನ ಪಟ್ಟಿಯಿಂದ ಉದ್ದದ ಬಿದಿರಿಗೆ ಬಿಗಿದು ಕಟ್ಟಿದ್ದು ಆ ಕೈಗಳೇ. ಯಾರೊಬ್ಬರ ಹೆಸರೂ ಉಳಿದಿಲ್ಲ. ಇದು ನನಗೆ ಯಾವಾಗಲೂ ಬೇಸರದ ವಿಷಯ.

ಹಳೇ ಪೇಟೆ:
ಕುಲುಮೆ ಹೇಳಿದ್ದು ಸರಿ. ಆದರೆ ಎಲ್ಲರೂ ಟಿಪ್ಪು ಟಿಪ್ಪು ಅಂತಾರೆ, ಹೈದರಾಲಿಯನ್ನು ಬಿಟ್ಟೇ ಬಿಡುತ್ತಾರೆ. ಹೈದರನ ಅಪ್ಪನೇ ಆರ್ಕಾಟಿನ ನವಾಬನ ಕೈಕೆಳಗೆ ರಾಕೆಟ್ ಹಾರಿಸುವವರ ಒಂದು ಸಣ್ಣ ತುಕಡಿ ನೋಡಿಕೊಳ್ಳುತ್ತಿದ್ದ ಅಂತ ಹೇಳುತ್ತಾರೆ. ಅಂದರೆ ಮೊಗಲರು, ಮರಾಠರು ಎಲ್ಲರೂ ಬಾಣಬಿರುಸನ್ನು ಯುದ್ಧದಲ್ಲಿ ಬಳಸುತ್ತಿದ್ದರು. ಹೈದರ್ ಅದಕ್ಕೆ ಅಂತಲೇ ದೊಡ್ಡ ಪಡೆ ಕಟ್ಟಿದ, ಟಿಪ್ಪು ಅದನ್ನು ಹಲವು ಪಟ್ಟು ಬೆಳೆಸಿದ. ಶ್ರೀರಂಗಪಟ್ಟಣದಲ್ಲೂ ಬೆಂಗಳೂರಲ್ಲೂ ಈ ಕೆಲಸಕ್ಕೆ ತಾರಾಮಂಡಲಪೇಟೆ ಅಂತ ಬೇರೆ ಪೇಟೆಯೇ ಇತ್ತು. ಬೆಂಗಳೂರಿನ ಹಳೇ ಪೇಟೆಯಲ್ಲಿ ಆ ಹೆಸರು ಈಗಲೂ ಇದೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನುಚ್ಚುನೂರಾಯಿತಲ್ಲ, ಅಲ್ಲಿ ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದು ನಿರ್ಣಾಯಕ ಆಯಿತು. ಸಿಡಿಸಿದ್ದು ಮೈಸೂರಿನ ರಾಕೆಟ್ಟೇ ಅಂತ ಬಹಳ ಜನ ನಂಬುತ್ತಾರೆ. ಬೇಲಿ ಸೆರೆಸಿಕ್ಕಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ.

ಮಲ್ನಾಡ್ ಮಳೆ:
ಅಷ್ಟು ಚೆನ್ನಾಗಿದ್ದರೆ 1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಯಾಕೆ ಕೆಲಸಕ್ಕೆ ಬರಲಿಲ್ಲ?

ಕುಲುಮೆ:
ದೂರ ಹೋಗುವುದು ಬೇರೆ, ಗುರಿ ಮುಟ್ಟುವುದು ಬೇರೆ. ರಾಕೆಟ್ ಎತ್ತ ಹೋಗುತ್ತದೆ ಅಂತ ಹಾರಿಸಿದವನಿಗೂ ಪೂರ್ತಿ ಗೊತ್ತಿರುತ್ತಿರಲಿಲ್ಲ. ಬಿದಿರಿನ ಕೋಲು ನೇರ ಇಡುತ್ತಿತ್ತು, ಆದರೆ ಗಾಳಿ ಬೀಸಿದರೆ ಅತ್ತ ಇತ್ತ. ಹಾಗಾಗಿ ಒಂದೊಂದಾಗಿ ಬಿಡದೆ ರಾಶಿ ರಾಶಿ ಬಿಡುತ್ತಿದ್ದರು. ಬಯಲಲ್ಲಿ, ಕುದುರೆ ಪಡೆಯ ಮೇಲೆ, ರಾತ್ರಿ ಹೊತ್ತು ಇದು ಭಯಂಕರ ಆಯುಧ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ಮರದ ತೋಪಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ದಾಳಿ ಕೆಟ್ಟದ್ದು ಕತ್ತಲಲ್ಲಿ ಈ ರಾಕೆಟ್ ಮತ್ತು ಗುಂಡಿನ ಏಟಿಗೇ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಆದರೆ ಕೋಟೆ ಗೋಡೆಯನ್ನು ಒಂದೇ ಜಾಗದಲ್ಲಿ ದಿನಗಟ್ಟಲೆ ಹೊಡೆದು ಬಿರುಕು ಬಿಡಿಸುವ ಬ್ರಿಟಿಷ್ ತೋಪುಗಳನ್ನು ರಾಕೆಟ್ ತಡೆಯಲು ಆಗಲಿಲ್ಲ. ಮೇ 4ಕ್ಕೆ ಎಲ್ಲ ಮುಗಿಯಿತು.

ಸಿಕ್ಕಿದ್ದ ರಾಕೆಟ್‌ಗಳಲ್ಲಿ ಕೆಲವನ್ನು ಬ್ರಿಟಿಷರು ಲಂಡನ್ ಹತ್ತಿರದ ತಮ್ಮ ಆಯುಧ ಕಾರ್ಖಾನೆ ವೂಲಿಚ್‌ಗೆ ಕಳಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ 1804ರ ಹೊತ್ತಿಗೆ ಕೆಲಸ ಶುರು ಮಾಡಿದ. ಮೊದಲು ಲಂಡನ್ನಿನಲ್ಲಿ ಸಿಗುತ್ತಿದ್ದ ಅತಿ ದೊಡ್ಡ ಬಾಣಬಿರುಸನ್ನೇ ಸ್ವಂತ ದುಡ್ಡಲ್ಲಿ ಕೊಂಡು ಹಾರಿಸಿ ನೋಡಿದ, ಅವು 600 ಗಜ ದಾಟಲಿಲ್ಲ. ಭಾರತದಲ್ಲಿ ರಾಕೆಟ್ ಯುದ್ಧಕ್ಕೆ ಬಳಸುತ್ತಾರೆ ಅನ್ನುವುದು ತನಗೆ ಗೊತ್ತಿತ್ತು ಅಂತ ಅವನೇ ಬರೆದಿದ್ದಾನೆ, ಆದರೆ ಅವು ಸಣ್ಣವು, ಹೆಚ್ಚು ದೂರ ಹೋಗವು ಅಂತ ಸೇರಿಸಿದ್ದಾನೆ. ಎಷ್ಟು ಕಲಿತೆ ಅಂತ ಬಾಯಿ ಬಿಡಲಿಲ್ಲ. ಅವನ ರಾಕೆಟ್ ಕೊಳವೆ ಮಾತ್ರ ಕಬ್ಬಿಣದ್ದೇ! ಅವನದೇ ಆದ ಒಳ್ಳೆಯ ಯೋಚನೆ ಅಂದರೆ, ತೋಪಿನ ಹಾಗೆ ರಾಕೆಟ್ ಹಿಂದಕ್ಕೆ ಒದೆಯುವುದಿಲ್ಲ, ಹಾಗಾದರೆ ಸಣ್ಣ ದೋಣಿಯಿಂದಲೂ ಹಾರಿಸಬಹುದಲ್ಲ ಅನ್ನುವುದು. 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವೇ ಬಿದ್ದವು. ಬೆಂಗಳೂರಿನವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ಮೈಸೂರು-ಬ್ರಿಟನ್ ಕಥೆಯನ್ನು 1985ರಲ್ಲಿ ವಿವರವಾಗಿ ಬರೆದಿದ್ದಾರೆ.

ಆಮೇಲೆ 1844ರಲ್ಲಿ ಇಂಗ್ಲೆಂಡಿನ ವಿಲಿಯಂ ಹೇಲ್ ಕೋಲನ್ನೇ ತೆಗೆದು, ಹೊರಬರುವ ಅನಿಲದಿಂದಲೇ ರಾಕೆಟ್ ತಿರುಗುವ ಹಾಗೆ ಮಾಡಿದ. ಅಷ್ಟರಲ್ಲಿ ತೋಪುಗಳೂ ಸುಧಾರಿಸಿದವು. ರಾಕೆಟ್ ಮೂಲೆ ಸೇರಿತು.

ಕಕ್ಷೆ:
ನಿಮ್ಮ ಎರಡನೇ ಪ್ರಶ್ನೆಗೆ ನಾನು ಬರುತ್ತೇನೆ. ಮೈಸೂರಿನಿಂದ ಚಂದ್ರನವರೆಗೆ ನೇರ ಗೆರೆ ಎಳೆಯುವುದು ತಪ್ಪು ಅಂತ ನನ್ನ ಅಭಿಪ್ರಾಯ. ಅಬ್ದುಲ್ ಕಲಾಂ ಅಮೆರಿಕದಲ್ಲಿ ನಾಸಾದ ರಾಕೆಟ್ ಕೇಂದ್ರ ವಾಲಪ್ಸ್‌ಗೆ ಹೋದಾಗ ಅಲ್ಲಿ ಟಿಪ್ಪು ಸೈನ್ಯದ ರಾಕೆಟ್ ಯುದ್ಧದ ಚಿತ್ರ ನೋಡಿದ್ದು ನಿಜ. ಅದನ್ನೇ ಹಿಡಿದು ನಾಸಾ ನಮ್ಮಿಂದಲೇ ಕಲಿತಿದ್ದು ಅಂತ ಸುಮ್ನೆ ಎಳೆಯುತ್ತಾರೆ. ಬಾಹ್ಯಾಕಾಶದ ದಾರಿ ಬೇರೆ ಕಡೆಯಿಂದ ಬಂತು. ರಷ್ಯಾದ ಸಿಯೋಲ್ಕೋವ್‌ಸ್ಕಿ ಎಂಬ ಶಾಲಾ ಮೇಷ್ಟ್ರು 1903ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು, ರಾಕೆಟ್ ಎಷ್ಟು ವೇಗ ಪಡೆಯುತ್ತದೆ ಅನ್ನುವುದು ಅನಿಲ ಹೊರನುಗ್ಗುವ ವೇಗ ಮತ್ತು ಇಂಧನದ ಪಾಲಿನ ಮೇಲೆ ನಿಂತಿದೆ ಅಂತ. ಕರಿಮದ್ದಿನಿಂದ ಆ ವೇಗ ಸಿಗುವುದಿಲ್ಲ, ನೀವು ಎಷ್ಟೇ ತುಂಬಿ. ಅಮೆರಿಕದ ಗೊಡ್ಡಾರ್ಡ್ 1926ರ ಮಾರ್ಚ್ 16ರಂದು ಪೆಟ್ರೋಲು ಮತ್ತು ದ್ರವ ಆಮ್ಲಜನಕ ಉರಿಸಿ ರಾಕೆಟ್ ಹಾರಿಸಿದ. ಎರಡೂವರೆ ಸೆಕೆಂಡು, ಸುಮಾರು 12 ಮೀಟರ್ ಎತ್ತರ. ಕೊಬ್ಬರಿ ಮರದಷ್ಟೂ ಇಲ್ಲ! ಅಲ್ಲಿಂದ 1957ರ ಸ್ಪುಟ್ನಿಕ್‌ಗೆ ಬರೀ 31 ವರ್ಷ.

ಆದರೆ ಒಂದು ನಂಟು ಇದೆ, ಅದು ನನಗೆ ಬಹಳ ಇಷ್ಟ. ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿಯ ಮೊದಲ ಹಂತ ನೋಡಿ. ಅದು ಘನ ಇಂಧನದ್ದು, ಸುಮಾರು 138 ಟನ್. ಅದನ್ನು ಹಿಡಿದಿಟ್ಟಿರುವುದು ಮ್ಯಾರೇಜಿಂಗ್ ಸ್ಟೀಲ್ ಅನ್ನುವ ವಿಶೇಷ ಉಕ್ಕಿನ ಕೊಳವೆ. ಯಾಕೆ ಅಷ್ಟು ಗಟ್ಟಿ ಉಕ್ಕು? ಒಳಗಿನ ಒತ್ತಡಕ್ಕೆ ಒಡೆಯಬಾರದು, ಹಾಗಂತ ದಪ್ಪ ಮಾಡಿ ತೂಕವೂ ಏರಬಾರದು. ಕುಲುಮೆಯವರು ಮೇಲೆ ಹೇಳಿದ ಅದೇ ಸಮಸ್ಯೆ. ವಂಶಾವಳಿ ಹುಡುಕುವುದಕ್ಕಿಂತ ಇದನ್ನು ಮಕ್ಕಳಿಗೆ ಹೇಳಿದರೆ ರಾಕೆಟ್ ಅರ್ಥ ಆಗುತ್ತದೆ.

ಹಳೇ ಪೇಟೆ:
ನಗರದ ರಾಕೆಟ್ ಬಗ್ಗೆ ಒಂದು ಸೇರಿಸುತ್ತೇನೆ. ಅದು ಕೆಳದಿ ನಾಯಕರ ಬಿದನೂರು, ಹೈದರ್ 1763ರಲ್ಲಿ ಗೆದ್ದದ್ದು. ಅಷ್ಟು ರಾಕೆಟ್ ಒಂದೇ ಬಾವಿಯಲ್ಲಿ ಇತ್ತು ಅಂದರೆ ಶ್ರೀರಂಗಪಟ್ಟಣದ ಆಚೆಗೂ ಇದರ ದಾಸ್ತಾನು ಚೆನ್ನಾಗಿಯೇ ಇತ್ತು ಅಂತಾಯಿತು. ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆ ನೋಡದೆ ಬರಬೇಡಿ. ಪೊಲ್ಲಿಲೂರಿನ ಯುದ್ಧದ ಚಿತ್ರ ಇಡೀ ಬರೆದಿದ್ದಾರೆ, ಸಿಡಿಯುತ್ತಿರುವ ಮದ್ದಿನ ಬಂಡಿಯೂ ಅದರಲ್ಲಿದೆ. ಪಲ್ಲಕ್ಕಿಯಲ್ಲಿ ಕೂತ ಬೇಲಿಯನ್ನು ಮೊದಲು ಹುಡುಕಿ, ಬಂಡಿ ಅಲ್ಲೇ ಹತ್ತಿರದಲ್ಲಿ ಕಾಣುತ್ತದೆ.