ಎರಡೂವರೆ ವರ್ಷ ಆಯ್ತು, ಮಗ ಇನ್ನೂ ಮಾತಾಡ್ತಿಲ್ಲ. ಕನ್ನಡ ಬಿಡಬೇಕಾ?

ಪ್ರಶ್ನೆ: ಮೇಡಂ, ನಮಸ್ತೆ. ಮಗನಿಗೆ ಎರಡೂವರೆ ವರ್ಷ. ಅಮ್ಮ, ತಾತ, ಬೌಬೌ ಎಲ್ಲಾ ಸೇರಿ ಏಳೆಂಟು ಪದ ಅಷ್ಟೇ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಅತ್ತೆ "ಇವರಪ್ಪನೂ ಬಾಯಿ ಬಿಟ್ಟಿದ್ದು ಮೂರು ವರ್ಷಕ್ಕೇ, ಸುಮ್ನಿರು" ಅಂತ ದಿನಾ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಪ್ಲೇಸ್ಕೂಲಿನವರು ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ ಅಂದರು. ಏನು ಮಾಡಲಿ?

ಉತ್ತರ (ಸ್ಪೀಚ್ ಥೆರಪಿಸ್ಟ್): ಕನ್ನಡ ಬಿಡಬೇಡಿ ಅಮ್ಮ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯದ್ದು ಸೇರಿಸಿ. ದಿನವಿಡೀ ಮಗುವಿನ ಜೊತೆ ಇರೋರು ಅಜ್ಜಿ. ಇಂಗ್ಲಿಷ್ ಬರಲ್ಲ ಅಂತ ಅವರು ಬಾಯಿ ಮುಚ್ಚಿಕೊಂಡರೆ ಮಗುವಿಗೇ ನಷ್ಟ.

ಆದರೆ ಕಾಯುತ್ತಾ ಕೂರಬೇಡಿ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು, "ಅಪ್ಪ ಬಾ" ಥರ ಎರಡು ಪದ ಜೋಡಿಸಬೇಕು. ತಡವಾಗಿ ಶುರು ಮಾಡಿ ತಾವಾಗೇ ಸರಿಹೋಗುವ ಮಕ್ಕಳೂ ಇದ್ದಾರೆ, ನಿಜ. ನಿಮ್ಮ ಮಗ ಆ ಗುಂಪಿನವನೇ ಅಂತ ಇವತ್ತು ಯಾರೂ ಹೇಳಲಾರರು.

ಒಂದು ಕೇಳಬೇಕು. ಹೆಸರು ಕರೆದರೆ ತಿರುಗುತ್ತಾನಾ? ವಿಮಾನ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಇವೆರಡರಲ್ಲಿ ಒಂದು ಇಲ್ಲದಿದ್ದರೂ ಮಕ್ಕಳ ಡಾಕ್ಟರ ಹತ್ತಿರ ಈ ವಾರವೇ ಹೋಗಿ. ಹೇಗಿದ್ದರೂ ಮೊದಲು ಕಿವಿ ಪರೀಕ್ಷೆ. ಬಜೆ ನಿಲ್ಲಿಸಿ, ಅದರಿಂದ ಮಾತು ಬರಲ್ಲ.

ಪ್ರಶ್ನೆ: ಬೆರಳು ತೋರಿಸ್ತಾನೆ ಮೇಡಂ, ನಗ್ತಾನೆ. ಪಾತ್ರೆ ಬಿದ್ದರೆ ತಿರುಗಿ ನೋಡ್ತಾನೆ. ಕಿವಿ ಸರಿ ಇದೆ ಅಲ್ವಾ?

ಉತ್ತರ: ಬೆರಳು ತೋರಿಸುವುದು ಒಳ್ಳೆಯ ಲಕ್ಷಣ. ಪಾತ್ರೆ ಪರೀಕ್ಷೆ ಮಾತ್ರ ನಂಬಬೇಡಿ, ಅದನ್ನ ಎಲ್ಲರ ಮನೆಯಲ್ಲೂ ಮಾಡಿರುತ್ತಾರೆ! ಪಾತ್ರೆ ಸದ್ದು ಜೋರು. 'ಸ', 'ಶ' ತೀರಾ ಮೆಲು. ನೆಗಡಿ ಜಾಸ್ತಿ ಆಗುವ ಮಕ್ಕಳಿಗೆ ಕಿವಿತಮಟೆ ಹಿಂದೆ ನೀರು ಕಟ್ಟಿದರೂ ಮಾತು ಮಂಕಾಗಿ ಕೇಳಿಸುತ್ತದೆ. ಬೇರಾ ಅಂತ ಒಂದು ಪರೀಕ್ಷೆ ಇದೆ. ಮಗು ಮಲಗಿದ್ದಾಗ ತಲೆಗೆ ಸಣ್ಣ ತಂತಿ ಅಂಟಿಸಿ ನೋಡುತ್ತಾರೆ, ನೋವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಆಯಿಷ್ ಅಂತೀವಿ, ಅಲ್ಲಿ ಪರೀಕ್ಷೆ, ಥೆರಪಿ ಎರಡೂ ಒಂದೇ ಕಡೆ ಆಗುತ್ತದೆ. ದೂರ ಆದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರದಲ್ಲಿ, ವಿಚಾರಿಸಿ.

ಅಷ್ಟರಲ್ಲಿ ಮನೆಯಲ್ಲಿ ಒಂದು ಕೆಲಸ. "ಹೇಳು, ಬಾಳೆಹಣ್ಣು ಹೇಳು" ಅಂತ ಪೀಡಿಸಬೇಡಿ. ಇಡೀ ಹಣ್ಣು ಕೊಡುವ ಬದಲು ಒಂದೇ ತುಂಡು ಕೊಡಿ. ತಿಂದು ನಿಮ್ಮನ್ನೇ ನೋಡುತ್ತಾನೆ. ಮನಸ್ಸಿನಲ್ಲೇ ಹತ್ತು ಎಣಿಸಿ, ಸುಮ್ನೆ ಇರಿ. ಇದೇ ತುಂಬಾ ಕಷ್ಟ. "ಅಣ್ಣು" ಅಂದರೆ "ಹಣ್ಣು ಬೇಕು!" ಅಂತ ನೀವು ಒಂದು ಪದ ಸೇರಿಸಿ, ಕೊಟ್ಟುಬಿಡಿ. ಏನೂ ಅನ್ನದೆ ಕೈ ಚಾಚಿದರೂ ಹಾಗೇ ಹೇಳಿ, ಕೊಡಿ. ಊಟದ ಹೊತ್ತಿಗೆ ಮೊಬೈಲ್ ಬೇಡ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ರಾಗಿರೊಟ್ಟಿಗೆ "ಲಾಗಿಲೊಟ್ಟಿ" ಅಂತಾಳೆ. ಥೆರಪಿ ಬೇಕಾ?

ಉತ್ತರ: 'ರ' ತಡವಾಗಿ ಬರುವ ಅಕ್ಷರ, ಈಗಲೇ ಬೇಡ ಸರ್. ಹೊರಗಿನವರಿಗೆ ಅವಳ ಮಾತೇ ಅರ್ಥವಾಗುತ್ತಿಲ್ಲ ಅಂದರೆ ಮಾತ್ರ ಬನ್ನಿ. ನೆಂಟರ ಮುಂದೆ ಮತ್ತೆ ಮತ್ತೆ ಹೇಳಿಸಿ ನಗಬೇಡಿ. "ಓ, ರಾಗಿರೊಟ್ಟಿ ಬೇಕಾ?" ಅಂತ ಒಂದು ಸಲ ಸರಿಯಾಗಿ ಹೇಳಿ, ತಟ್ಟೆಗೆ ಹಾಕಿ.