ಪದಚರ್ಚೆ: ‘ಫೈಟರ್ ಏಸ್’ಗೆ ಕನ್ನಡವೇನು? (ಹಾರ್ಟ್‌ಮನ್ ಫಲಕ, ತುರ್ತು)

ವಿ.ಸು. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಮೆಸ್ಸರ್‌ಶ್ಮಿಟ್ 109 ವಿಮಾನದ ಮಾದರಿ ಬಂದಿದೆ. ಮೂತಿಯ ಸುತ್ತ ಕಪ್ಪು ಟ್ಯೂಲಿಪ್ ದಳಗಳ ಚಿತ್ತಾರವಿದೆ. ಎರಡನೇ ಮಹಾಯುದ್ಧದ ಜರ್ಮನ್ ವೈಮಾನಿಕ ಎರಿಕ್ ಹಾರ್ಟ್‌ಮನ್‌ನ ಗುರುತು ಅದು. ಅದರ ಫಲಕದ ಕನ್ನಡ ನನ್ನ ಪಾಲಿಗೆ ಬಿದ್ದಿದೆ, ನಾಳೆ ಮಧ್ಯಾಹ್ನ ಮುದ್ರಣಕ್ಕೆ ಕೊಡಬೇಕು. ಮೂರು ಪದ ಬೇಕು: ಫೈಟರ್ ಏಸ್, ವಿಂಗ್‌ಮನ್, ಕಿಲ್. ‘352 ಬಲಿ ಪಡೆದ ಯುದ್ಧವಿಮಾನ ವೀರ’ ಎಂದು ಬರೆದು, ನನಗೇ ಒಪ್ಪಿಗೆಯಾಗದೆ ಹೊಡೆದುಹಾಕಿದ್ದೇನೆ.

ಶ್ರೀ.ಕೃ. ಬರೆದದ್ದು:

ಎಕ್ಕ. ಬೇರೆ ಹುಡುಕುವುದೇ ಬೇಡ. ಫ್ರೆಂಚರ ‘ಆಸ್’ ಇಸ್ಪೀಟಿನ ಎಕ್ಕವೇ. ಲ್ಯಾಟಿನ್ನಿನಲ್ಲಿ ‘ಆಸ್’ ಎಂದರೆ ಒಂದು ಮಾನ, ಒಂದು ನಾಣ್ಯ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರು ಪೆಗೂ ಎಂಬ ವೈಮಾನಿಕನನ್ನು ಹಾಗೆ ಕರೆದರು. ಐದು ವಿಮಾನ ಕೆಡವಿದವನು ‘ಆಸ್’ ಎಂಬ ರೂಢಿ ಅಲ್ಲಿಂದ ಬೆಳೆಯಿತು. ನಮ್ಮಲ್ಲಿ ಎಕ್ಕದ ಜೊತೆಗೆ ‘ಎಕ್ಕಟಿಗ’ವೂ ಇದೆ: ಒಬ್ಬನೇ ನಿಂತು ಕಾದುವ ಕಟ್ಟಾಳು. ಅರ್ಥವೂ ಕೂಡಿತು, ಬೇರೂ ಕೂಡಿತು. ಇಂಥ ಪದವನ್ನು ಹಳಗನ್ನಡದಲ್ಲೇ ಬಿಟ್ಟು ‘ಏಸ್’ ಎಂದು ಬರೆಯುವುದು ಸೋಮಾರಿತನ.

ಮ.ನಾ. ಬರೆದದ್ದು:

ಬೇರು ಕೂಡಿದರೆ ಸಾಲದು, ಸಂಗತಿ ಕೂಡಬೇಕು. ಹಾರ್ಟ್‌ಮನ್ ಎಕ್ಕಟಿಗನಲ್ಲ. ಜರ್ಮನ್ ಬೇಟೆವಿಮಾನಗಳು ಹಾರುತ್ತಿದ್ದದ್ದು ಜೋಡಿಯಾಗಿ. ಜೋಡಿಗೆ ‘ರೊಟ್ಟೆ’, ಎರಡು ಜೋಡಿಗೆ ‘ಶ್ವಾರ್ಮ್’. ಮುಂದಿನವನು ಎರಗುತ್ತಾನೆ, ಹಿಂದಿನವನು ಅವನ ಬೆನ್ನು ಕಾಯುತ್ತಾನೆ. ಹಾರ್ಟ್‌ಮನ್ ಯುದ್ಧಕ್ಕೆ ಇಳಿದದ್ದೇ ಹಿಂದಿನವನಾಗಿ. 1942ರ ಅಕ್ಟೋಬರ್‌ನಲ್ಲಿ, ಕಾಕಸಸ್‌ನ ಮೇಲೆ, ಮೊದಲ ಹಾರಾಟದಲ್ಲೇ ತನ್ನ ಮುಂದಾಳು ರೋಸ್‌ಮನ್‌ನ ವಿಮಾನವನ್ನೇ ಶತ್ರುವೆಂದು ತಿಳಿದು ಮೋಡದೊಳಗೆ ನುಗ್ಗಿ ತಪ್ಪಿಸಿಕೊಂಡ. ಇಂಧನ ಮುಗಿದು ಬಯಲಿನಲ್ಲಿ ಹೊಟ್ಟೆಯಡಿಯಾಗಿ ಇಳಿಯಬೇಕಾಯಿತು. ಶಿಕ್ಷೆಯಾಗಿ ಮೂರು ದಿನ ಮೆಕ್ಯಾನಿಕ್‌ಗಳ ಜೊತೆ ಕೆಲಸ. ಬೆನ್ನು ಕಾಯುವುದು ಎಂದರೇನು ಎಂದು ಕಲಿತದ್ದು ಹಾಗೆ.

ಆಮೇಲೂ ಅವನು ಸುತ್ತಿ ಸುತ್ತಿ ಕಾದಾಡುವುದನ್ನು ದಂಡವೆಂದೇ ಬಗೆದವನು. ಮೊದಲು ನೋಡುವುದು, ತೀರ್ಮಾನಿಸುವುದು, ಎದುರಾಳಿಯ ವಿಮಾನ ಮುಂಗಾಜನ್ನು ತುಂಬುವಷ್ಟು ಹತ್ತಿರ ಹೋಗಿ ಹೊಡೆಯುವುದು, ಸರಿದುಬಿಡುವುದು. ಇದು ಹೊಂಚಿನ ಬೇಟೆ. ಜರ್ಮನ್ನರ ‘ಯಾಗ್ಡ್’ ಎಂದರೆ ಬೇಟೆಯೇ. ಆದ್ದರಿಂದ ಫೈಟರ್‌ಗೆ ಬೇಟೆವಿಮಾನ. ಪತ್ರಿಕೆಗಳ ‘ಯುದ್ಧವಿಮಾನ’ ಬಾಂಬರ್‌ಗೂ ಸಲ್ಲುತ್ತದೆ; ಅವನು ಮೊದಲು ಕೆಡವಿದ, ಸೋವಿಯತ್ತರ ದಾಳಿವಿಮಾನ ಇಲ್ಯುಶಿನ್ 2 ಕೂಡ ಯುದ್ಧವಿಮಾನವೇ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಓದುವವರು ಏನು ಮಾಡಬೇಕು?

ವಿಂಗ್‌ಮನ್‌ಗೆ ‘ಬೆಂಗಾವಲಿಗ’. ಬೆನ್ನಿಗೆ ಕಾವಲು, ಅಕ್ಷರಶಃ.

ಗಿ.ರಾ. ಬರೆದದ್ದು:

ಬೆಂಗಾವಲು ಎಂದರೆ ಈಗ ಎಲ್ಲರಿಗೂ ಮಂತ್ರಿಗಳ ಕಾರಿನ ಹಿಂದಿನ ಜೀಪು. ಅದನ್ನು ಆಕಾಶಕ್ಕೆ ಏರಿಸಬೇಡಿ.

‘ಎಕ್ಕ’ವೂ ಕನ್ನಡವಲ್ಲ, ಪ್ರಾಕೃತ. ‘ವಿಮಾನ’ ಸಂಸ್ಕೃತ. ಅಚ್ಚಗನ್ನಡದಲ್ಲಿ ‘ಬಾನೋಡ’ ಇರುವಾಗ ಬೇಡುವುದೇಕೆ? ಬೇಟೆಬಾನೋಡ ಎಂದು ಬರೆಯಿರಿ. ಒಂದು ಫಲಕದಲ್ಲಿ ಆರಂಭವಾದರೆ ಇನ್ನೊಂದರಲ್ಲಿ ಬೇರೂರುತ್ತದೆ.

ಶ್ರೀ.ಕೃ. ಬರೆದದ್ದು:

ವಿಮಾನವನ್ನು ಬಿಡಬೇಕಾದರೆ ‘ಆಕಾಶ’ವನ್ನೂ ಬಿಡಿ, ಈಗಷ್ಟೇ ನೀವೇ ಬರೆದಿದ್ದೀರಿ. ಸಾವಿರ ವರ್ಷದ ಹಿಂದೆ ಬಂದ ಪದ ಮನೆಯ ಪದ. ಎಕ್ಕ ಕನ್ನಡವೇ.

ಲ.ದೇ. ಬರೆದದ್ದು:

ನೀವು ಮೂವರೂ ವಿ.ಸು. ಅವರು ಏಕೆ ಹೊಡೆದುಹಾಕಿದರು ಎಂಬುದನ್ನು ಕೇಳಲಿಲ್ಲ. ‘ಬಲಿ’ ತಪ್ಪು. ಜರ್ಮನ್ನರ ‘ಆಬ್‌ಶುಸ್’ ಎಂದರೆ ಹೊಡೆದು ಕೆಡವಿದ್ದು, ಎಣಿಸಿದ್ದು ವಿಮಾನವನ್ನು, ಆಳನ್ನಲ್ಲ. ವಿಮಾನ ಬಿದ್ದರೂ ಕೊಡೆಬಿಚ್ಚಿ ಬದುಕಿದವರು ಇದ್ದರು. ಎರಡು ಆಸನದ ಇಲ್ಯುಶಿನ್‌ನಲ್ಲಿ ಇಬ್ಬರು ಸತ್ತದ್ದೂ ಇದೆ. ‘352 ಬಲಿ’ ಎಂದರೆ ಎರಡು ಕಡೆಯಿಂದಲೂ ಸುಳ್ಳು. ಜೊತೆಗೆ ಆ ಸಂಖ್ಯೆ ಜರ್ಮನ್ ದಾಖಲೆಯದು. ಸೋವಿಯತ್ ದಾಖಲೆ ನೋಡಿದ ರಷ್ಯನ್ ಇತಿಹಾಸಕಾರರು ಅದನ್ನು ಪ್ರಶ್ನಿಸಿದ್ದಾರೆ.

‘ವೀರ’ವೂ ಬೇಡ, ‘ಕಲಿ’ಯೂ ಬೇಡ, ‘ಎಕ್ಕಟಿಗ’ವೂ ಬೇಡ. ಇವು ವೀರಗಲ್ಲಿನ ಪದಗಳು. ತುರುಗಳನ್ನು ಕಾಯಲು ಹೋಗಿ ಸತ್ತವನಿಗೆ ಊರು ಕೊಟ್ಟ ಪದಗಳು. ಹಾರ್ಟ್‌ಮನ್ ಎಷ್ಟೇ ನಿಪುಣನಾಗಿರಲಿ, ಹಾರಿದ್ದು ಹಿಟ್ಲರನ ಸೈನ್ಯ ಇನ್ನೊಬ್ಬರ ನೆಲಕ್ಕೆ ನುಗ್ಗಿದಾಗ. ಜರ್ಮನ್ ವಾಯುಪಡೆ ಲುಫ್ಟ್‌ವಾಫೆಯವರೇ ಅಂಥವರನ್ನು ‘ಎಕ್ಸ್‌ಪರ್ಟೆ’ ಎನ್ನುತ್ತಿದ್ದರು: ಪರಿಣತ. ಅಷ್ಟು ಸಾಕು. ಹದಿನೆಂಟರ ಮಕ್ಕಳು ಓದುವ ಫಲಕ ಇದು.

ಮ.ನಾ. ಬರೆದದ್ದು:

ಲ.ದೇ. ಅವರ ಮಾತಿಗೆ ತಲೆಬಾಗುತ್ತೇನೆ. ‘ಕೆಡವು’ ಇರಲಿ. ಬೆಂಗಾವಲಿಗನನ್ನು ಮಾತ್ರ ಬಿಡುವುದಿಲ್ಲ. ಜೀಪಿಗೆ ಹೆದರಿ ಒಳ್ಳೆಯ ಪದ ಕಳೆದುಕೊಳ್ಳಬೇಕೆ?

ವಿ.ಸು. ಬರೆದದ್ದು:

ಎಲ್ಲರಿಗೂ ವಂದನೆ. ಇದನ್ನು ಕಳುಹಿಸುತ್ತಿದ್ದೇನೆ:

‘ಎರಿಕ್ ಹಾರ್ಟ್‌ಮನ್ (1922–1993). ಹಿಟ್ಲರನ ವಾಯುಪಡೆಯ ಬೇಟೆವಿಮಾನ ಚಾಲಕ. 1942ರಲ್ಲಿ ಬೆಂಗಾವಲಿಗನಾಗಿ ಆರಂಭ. 1945ರ ಮೇ 8ರವರೆಗೆ 1,404 ಹಾರಾಟ. 352 ವಿಮಾನಗಳನ್ನು ಕೆಡವಿದನೆಂದು ಜರ್ಮನ್ ಲೆಕ್ಕ. ಅಮೆರಿಕನ್ನರಿಗೆ ಶರಣಾದವನನ್ನು ಅವರು ಸೋವಿಯತ್ತರಿಗೆ ಒಪ್ಪಿಸಿದರು, ಬಿಡುಗಡೆ 1955ರಲ್ಲಿ.’

‘ಏಸ್’ಗೆ ಪದ ಇಟ್ಟಿಲ್ಲ. ಸಂಖ್ಯೆ ಇದ್ದ ಮೇಲೆ ಅದರ ಅಗತ್ಯ ಕಾಣಲಿಲ್ಲ.

ಶ್ರೀ.ಕೃ. ಬರೆದದ್ದು:

ಕೇಳಿದ್ದು ‘ಏಸ್’ಗೆ ಪದ. ಅದನ್ನೇ ಬಿಟ್ಟು ಫಲಕ ಮುಗಿಸಿದ್ದೀರಿ. ಮುಂದಿನ ಅನುವಾದಕನಿಗೆ ಇದೇ ತೊಡಕು ಎದುರಾಗುತ್ತದೆ, ಆಗಲೂ ನಾನು ಎಕ್ಕ ಎಂದೇ ಹೇಳುತ್ತೇನೆ. ಇನ್ನೊಂದು: ‘1,404 ಹಾರಾಟ’ ಅಲ್ಲ, ‘1,404 ಹಾರಾಟಗಳು’. ಮುಂದಿನ ಸಾಲಿನಲ್ಲಿ ‘ವಿಮಾನಗಳನ್ನು’ ಎಂದು ಬಹುವಚನ ಬಳಸಿ ಇಲ್ಲಿ ಬಿಟ್ಟಿದ್ದೀರಿ. ಮುದ್ರಣಕ್ಕೆ ಹೋಗುವ ಮೊದಲು ತಿದ್ದಿಕೊಳ್ಳಿ.