ಫೆಬ್ರವರಿಲಿ ಆಫ್ರಿಕಾ ಸಫಾರಿ: ಯಾವ ಪಾರ್ಕ್ ಇಟ್ಕೊಳ್ಳೋದು, ಯಾವ್ದು ಬಿಡೋದು?

ಗರಿಕೆಹುಲ್ಲು:
ಎಲ್ರಿಗೂ ನಮಸ್ಕಾರ. ಫೆಬ್ರವರಿ ಮಧ್ಯದಲ್ಲಿ ನಾನು, ಯಜಮಾನ್ರು, ಎಂಟು ವರ್ಷದ ಮಗ ಮತ್ತೆ ನಮ್ಮತ್ತೆ ಸಫಾರಿಗೆ ಹೊರಟಿದೀವಿ. ಅತ್ತೆಗೆ ಸೊಂಟನೋವು ಇದೆ, ಆದ್ರೆ ಉತ್ಸಾಹ ನಮ್ಮೆಲ್ರಿಗಿಂತ ಜಾಸ್ತಿ. ಕೈಲಿರೋದು ಒಂಬತ್ತು ಹತ್ತು ದಿನ. ಪಟ್ಟಿ ಮಾಡ್ತಾ ಮಾಡ್ತಾ ಉದ್ದ ಆಗೋಯ್ತು: ಕೀನ್ಯಾದ ಮಸಾಯಿ ಮಾರಾ, ನಕುರು, ಅಂಬೋಸೆಲಿ, ಟಾಂಜಾನಿಯಾದ ತರಂಗಿರೆ, ಗೊರೊಂಗೊರೊ, ಸೆರೆಂಗೆಟಿ, ಟೈಮ್ ಉಳಿದ್ರೆ ದಕ್ಷಿಣ ಆಫ್ರಿಕಾದ ಕ್ರೂಗರ್. ಮಗನಿಗೆ ವೈಲ್ಡ್‌ಬೀಸ್ಟ್ (ದನದ ಹಾಗೆ ಕಾಣೋ ಕಾಡುಪ್ರಾಣಿ) ಹಿಂಡು ನದಿ ದಾಟೋದು ನೋಡ್ಲೇಬೇಕಂತೆ, ಅತ್ತೆಗೆ ಆನೆ, ನನಗೆ ಚೀತಾ, ಯಜಮಾನ್ರಿಗೆ ಬೆಳಗಿನ ಜಾವ ನಿದ್ದೆ. ಮ್ಯಾಪ್‌ನಲ್ಲಿ ಮಾರಾ ಸೆರೆಂಗೆಟಿ ಒಂದಕ್ಕೊಂದು ಅಂಟ್ಕೊಂಡೇ ಇವೆ, ಹಾಗಾಗಿ ಎರಡೂ ಸುಲಭ ಅನ್ಕೊಂಡಿದೀನಿ. ಹೋಗಿ ಬಂದೋರು ಹೇಳಿ, ಯಾವ್ದಕ್ಕೆ ಕತ್ರಿ ಹಾಕ್ಲಿ?

ಧೂಳುದಾರಿ:
ಮೇಡಂ, ಪಾರ್ಕ್ ಹೆಸರೆಲ್ಲ ಪಕ್ಕಕ್ಕಿಟ್ಟು ಮೊದ್ಲು ತಿಂಗಳು ನೋಡಿ. ಫೆಬ್ರವರಿಲಿ ಮಾರಾ ನದಿ ದಡಕ್ಕೆ ಹೋಗಿ ಕೂತ್ರೆ ಮೊಸಳೆ ಸಿಗುತ್ತೆ, ಆದ್ರೆ ಅದು ಕಾಯ್ತಿರೋ ಊಟ ಇನ್ನೂ ಬಂದಿರಲ್ಲ. ನದಿ ದಾಟೋ ಸೀಸನ್ ಹೆಚ್ಚುಕಮ್ಮಿ ಜುಲೈ ಕೊನೆಯಿಂದ ಅಕ್ಟೋಬರ್ ತನಕ. ನೀವು ಹೋಗೋ ಹೊತ್ತಿಗೆ ಹತ್ತು ಲಕ್ಷಕ್ಕೂ ಮೇಲಿರೋ ಆ ಹಿಂಡು ಸೆರೆಂಗೆಟಿಯ ದಕ್ಷಿಣದ ತುದೀಲಿ, ನ್ಡುಟು ಅಂತ ಜಾಗ ಇದೆ ಅದರ ಸುತ್ತಮುತ್ತ ಬಯಲಲ್ಲಿ ಕರು ಹಾಕ್ತಾ ಇರುತ್ತೆ. ಜ್ವಾಲಾಮುಖಿ ಬೂದಿ ಬಿದ್ದು ಆಗಿರೋ ಮಣ್ಣು, ಹುಲ್ಲು ಗಿಡ್ಡ ಆದ್ರೂ ಖನಿಜ ಜಾಸ್ತಿ, ಹಾಲು ಕುಡಿಸೋ ತಾಯಿಗಳಿಗೆ ಅದೇ ಬೇಕು, ಮತ್ತೆ ಗಿಡ್ಡ ಹುಲ್ಲಲ್ಲಿ ಸಿಂಹ ದೂರದಿಂದಲೇ ಕಣ್ಣಿಗೆ ಬೀಳುತ್ತೆ. ಹೆಚ್ಚಿನ ಕರುಗಳು ಎರಡು ಮೂರು ವಾರದೊಳಗೆ ಒಟ್ಟಿಗೇ ಹುಟ್ತವೆ, ಹಿಡಿಯೋ ಪ್ರಾಣಿಗಳು ಎಷ್ಟು ತಿಂದ್ರೂ ಮುಗಿಯಲ್ಲ, ಲೆಕ್ಕಾಚಾರ ಅದು.

ನಿಮ್ಮ ಚೀತಾಗೂ ಇದೇ ಜಾಗ. ಕರು ನೆಲಕ್ಕೆ ಬಿದ್ದು ಕೆಲವೇ ನಿಮಿಷಕ್ಕೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗ್ತಾ ಎದ್ದು ನಿಲ್ಲುತ್ತೆ, ಮುಗ್ಗರಿಸುತ್ತೆ, ತಾಯಿ ಮೂತೀಲಿ ತಳ್ಳುತ್ತೆ, ಮತ್ತೆ ಏಳುತ್ತೆ, ಇನ್ನೊಂದ್ ಸ್ವಲ್ಪ ಹೊತ್ತಿಗೆ ಹಿಂಡಿನ ಜೊತೆ ಓಡ್ತಿರುತ್ತೆ. ನಿಮ್ಮ ಹುಡುಗ ನದಿ ವಿಷ್ಯ ಮರ್ತೇಬಿಡ್ತಾನೆ. ಒಂದೇ ಮಾತು, ಬೇಟೆ ಕಣ್ಣೆದುರೇ ಆಗುತ್ತೆ, ಮರಿ ಸಾಯೋದು ನೋಡಿ ಅಳೋ ಮಗು ಆದ್ರೆ ಮೊದ್ಲೇ ಹೇಳಿ ರೆಡಿ ಮಾಡಿ.

ಮಾರಾ ಸೆರೆಂಗೆಟಿ ಅಂಟ್ಕೊಂಡಿರೋದು ಪ್ರಾಣಿಗಳಿಗೆ ಮಾತ್ರ. ಟೂರಿಸ್ಟ್‌ಗಳು ಪಾರ್ಕ್ ಒಳಗಿಂದ ಗಡಿ ದಾಟೋ ಹಾಗಿಲ್ಲ, ಪಶ್ಚಿಮಕ್ಕೆ ಸುತ್ತಾಕ್ಕೊಂಡು ಇಸೆಬಾನಿಯಾ ಗಡಿ ಮೇಲೆ ಹೋಗ್ಬೇಕು, ಇಡೀ ದಿನ ಗಾಡೀಲೇ ಹೋಯ್ತು ಅನ್ಕೊಳ್ಳಿ. ನಾನಾದ್ರೆ ಈ ಸಲ ಮಾರಾ ಬಿಡ್ತೀನಿ.

ಒಂಟಿಕೊಂಬು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಮಾರಾನ ಅಷ್ಟು ಸಸಾರ ಮಾಡ್ಬೇಡಿ ಸ್ವಾಮಿ. ಹಿಂಡು ಇಲ್ದಿದ್ರೂ ಸಿಂಹ ಚಿರತೆ ಎಲ್ಲ ಅಲ್ಲೇ ಇರೋವು, ಪ್ರವೇಶ ಫೀಸು ಕೂಡ ಹೊರಗಿನ ದೇಶದ ದೊಡ್ಡೋರಿಗೆ 2024ರಿಂದ ಜನವರಿ-ಜೂನ್ 100 ಡಾಲರ್, ಜುಲೈ-ಡಿಸೆಂಬರ್ 200 ಡಾಲರ್ ಆಗಿದೆ, ಅಂದ್ರೆ ಫೆಬ್ರವರಿಲಿ ಅರ್ಧಕ್ಕೇ ಆಗುತ್ತೆ, ಗಾಡಿಗಳ ಜಾತ್ರೆನೂ ಕಮ್ಮಿ. ಪಕ್ಕದ ಕನ್ಸರ್ವೆನ್ಸಿಗಳಲ್ಲಿ (ಅಲ್ಲಿನ ಜನರ ಜಮೀನಲ್ಲಿರೋ ವನ್ಯಜೀವಿ ಜಾಗಗಳು) ಉಳ್ಕೊಂಡ್ರೆ ರಾತ್ರಿ ಸಫಾರಿನೂ ಮಾಡ್ಬಹುದು, ರಿಸರ್ವ್ ಒಳಗೆ ಅದಿಲ್ಲ. ಆದ್ರೂ ಹತ್ತೇ ದಿನ ಅಂದ್ರೆ ನಾನೂ ನ್ಡುಟುಗೇ ವೋಟ್ ಹಾಕ್ತೀನಿ.

ನಿಮ್ಮತ್ತೆ ಆನೆ ವಿಷ್ಯಕ್ಕೆ ಬರ್ತೀನಿ. ಪಟ್ಟೀಲಿ ತರಂಗಿರೆ ಹಾಕಿದ್ದೀರಲ್ಲ, ಅದು ಜುಲೈಯಿಂದ ಅಕ್ಟೋಬರ್‌ಗೆ ಸೂಪರ್, ಬೇರೆಲ್ಲ ಕಡೆ ನೀರು ಒಣಗಿ ಆನೆಗಳೆಲ್ಲ ತರಂಗಿರೆ ನದಿಗೆ ಬರ್ತವೆ. ಫೆಬ್ರವರಿಲಿ ಪಾರ್ಕ್ ಹೊರಗೂ ನೀರು ಮೇವು ಇರುತ್ತೆ, ಎಷ್ಟೋ ಹಿಂಡು ಹೊರಗೆ ಚದುರಿ ಹೋಗಿರುತ್ತೆ. ಬದಲಿಗೆ ಅಂಬೋಸೆಲಿ ಇಟ್ಕೊಳ್ಳಿ. 392 ಚದರ ಕಿ.ಮೀ ಅಷ್ಟೇ, ಚಿಕ್ಕ ಪಾರ್ಕ್, ಬಯಲು ಜಾಗ, ಕಿಲಿಮಂಜಾರೊ ನೀರು ನೆಲದಡಿ ಹರಿದು ಬಂದು ಅಲ್ಲಿ ಜೌಗು ಆಗಿದೆ, ಆನೆಗಳು ಹೊಟ್ಟೆ ಮುಳುಗೋ ತನಕ ಇಳಿದು ಹುಲ್ಲು ಕಿತ್ತು ಕಿತ್ತು ತಿಂತಿರ್ತವೆ, ಬೆನ್ನ ಮೇಲೆ ಬೆಳ್ಳಕ್ಕಿ. 1972ರಿಂದ ಸಂಶೋಧಕರು ಈ ಆನೆಗಳ ಕುಟುಂಬ ಕುಟುಂಬನೇ ಗುರುತಿಟ್ಟು ನೋಡ್ತಾ ಬಂದಿದಾರೆ, ಗಾಡಿ ಕಂಡ್ರೆ ಅವು ತಲೆನೇ ಕೆಡಿಸ್ಕೊಳ್ಳಲ್ಲ. ಬೆಟ್ಟ ಇರೋದು ಟಾಂಜಾನಿಯಾದಲ್ಲಿ, ಚೆನ್ನಾಗಿ ಕಾಣೋದು ಕೀನ್ಯಾದಿಂದ, ಅದೂ ಬೆಳಗ್ಗೆ ಮೋಡ ಮುಚ್ಚೋದಕ್ಕೆ ಮುಂಚೆ. ಯಜಮಾನ್ರಿಗೆ ಬೇಜಾರಾದ್ರೂ ಎಬ್ಬಿಸಿ.

ಇನ್ನೊಂದು ಅನುಕೂಲ, ಅಂಬೋಸೆಲಿಯಿಂದ ನಮಂಗಾ ಗಡಿ ಹತ್ರ, ಅಲ್ಲಿ ಗಾಡಿ ಬದಲಾಯಿಸಿ ಟಾಂಜಾನಿಯಾದ ಅರುಷಾ ಊರಿನ ಕಡೆ ಹೊರಟ್ರಾಯ್ತು. ನಕುರು ಬಿಡಿ, ಬರೀ ಖಡ್ಗಮೃಗಕ್ಕೋಸ್ಕರ ಅಷ್ಟು ದೂರ ಯಾಕೆ, ಗೊರೊಂಗೊರೊದಲ್ಲಿ ಕಪ್ಪು ಖಡ್ಗಮೃಗ ಇದೆ, ಅದೃಷ್ಟ ಇದ್ರೆ ದೂರದಲ್ಲಿ ಕಾಣುತ್ತೆ.

ಹೊಳೆದಂಡೆ:
ಎಲ್ರೂ ಪೂರ್ವ ಆಫ್ರಿಕಾನೇ ಹಾಡ್ತಿದೀರಲ್ಲ, ನಾನು ದಕ್ಷಿಣದ ಪಾರ್ಟಿ. ಕ್ರೂಗರ್‌ನಲ್ಲಿ ನಮ್ಮ ಕಾರು ನಾವೇ ಓಡಿಸ್ಬಹುದು, ಡಾಂಬರು ರಸ್ತೆ, ರೆಸ್ಟ್ ಕ್ಯಾಂಪ್‌ಲಿ ಸ್ವಂತ ಅಡುಗೆ, ಮಗು ರಚ್ಚೆ ಹಿಡಿದ್ರೆ ವಾಪಸ್ ತಿರುಗಿಸ್ಕೊಂಡು ಬರಬಹುದು, ಸೊಂಟನೋವಿನವರಿಗೂ ಇದೇ ವಾಸಿ. ಡಾಂಬರಲ್ಲಿ ಸ್ಪೀಡ್ 50, ಮಣ್ಣು ರಸ್ತೇಲಿ 40, ಅದಕ್ಕಿಂತ ಜೋರಾಗಿ ಹೋದ್ರೆ ಏನೂ ಕಾಣಿಸೋದೂ ಇಲ್ಲ. ಖರ್ಚೂ ಕಮ್ಮಿ.

ಆದ್ರೆ ಫೆಬ್ರವರಿ ಅಂದ್ರೆ ಅಲ್ಲಿ ಮಳೆ, ಸೆಕೆ, ಹುಲ್ಲು ಆಳೆತ್ತರ, ಸಿಂಹ ರಸ್ತೆ ಪಕ್ಕದಲ್ಲೇ ಮಲಗಿದ್ರೂ ಗೊತ್ತಾಗಲ್ಲ. ನಮೀಬಿಯಾದ ಎಟೋಷಾನೂ ಅಷ್ಟೆ. ಅಲ್ಲಿ ಒಣ ಕಾಲದಲ್ಲಿ ನೀರಿನ ಹೊಂಡದ ಹತ್ರ ಕೂತ್ರೆ ಸಾಕು, ಒಕಾಕುಎಯೋ ಕ್ಯಾಂಪ್ ಹೊಂಡಕ್ಕೆ ರಾತ್ರಿ ಲೈಟ್ ಹಾಕ್ತಾರೆ, ಬೇಲಿ ಈಚೆ ಬೆಂಚಲ್ಲಿ ನೀವು, ಆಚೆ ನೀರು ಕುಡಿಯೋ ಖಡ್ಗಮೃಗ, ಯಾರೂ ಉಸಿರು ಬಿಡಲ್ಲ. ಮಳೆ ಬಂದ್ರೆ ಎಲ್ಲ ಕಡೆ ನೀರು, ಹೊಂಡಕ್ಕೆ ಯಾಕ್ ಬರ್ತವೆ? ಟ್ರಿಪ್ಪು ಆಗಸ್ಟ್ ಸೆಪ್ಟೆಂಬರ್‌ಗೆ ತಳ್ಳೋಕಾದ್ರೆ ಹೇಳಿ, ಆಗ ನನ್ನ ಮಾತು ಕೇಳಿ. ಇಲ್ಲಾಂದ್ರೆ ಮೇಲಿನವರ ಮಾತೇ ಸರಿ, ಒಂದು ಟ್ರಿಪ್ಪಲ್ಲಿ ಎರಡೂ ಕಡೆ ಅಂತ ಮಾತ್ರ ಹೋಗ್ಬೇಡಿ, ಏರ್‌ಪೋರ್ಟ್ ಸಫಾರಿ ಆಗುತ್ತೆ.

ಗರಿಕೆಹುಲ್ಲು:
ಎಲ್ರಿಗೂ ಥ್ಯಾಂಕ್ಸ್! ರಜೆ ತಳ್ಳೋಕಾಗಲ್ಲ, ಫೆಬ್ರವರಿನೇ. ಹಾಗಾದ್ರೆ ಅಂಬೋಸೆಲಿ, ಗೊರೊಂಗೊರೊ, ನ್ಡುಟು, ಮೂರೇ. ಮಾರಾ, ನಕುರು, ತರಂಗಿರೆ, ಕ್ರೂಗರ್ ಎಲ್ಲ ಔಟ್. ಮಗನಿಗೆ ಕರು ವಿಷ್ಯ ಹೇಳಿದೆ, ಚೀತಾಗೂ ಕರುಗೂ ಯಾರು ಗೆಲ್ತಾರೆ ಅಂತ ಆಗ್ಲೇ ಶುರು ಮಾಡಿದಾನೆ. ಎಷ್ಟೆಷ್ಟು ರಾತ್ರಿ ಹಂಚ್ಲಿ? ಮತ್ತೆ ಅತ್ತೆ ಸೊಂಟಕ್ಕೆ ಆ ರಸ್ತೆ ಹೆಂಗೆ?

ಧೂಳುದಾರಿ:
ಅಂಬೋಸೆಲಿ ಎರಡು ರಾತ್ರಿ, ದಾರೀಲಿ ಅರುಷಾ ಒಂದು, ಗೊರೊಂಗೊರೊ ಕ್ರೇಟರ್‌ಗೆ (ಹಳೇ ಜ್ವಾಲಾಮುಖಿ ಕುಸಿದು ಆಗಿರೋ ದೊಡ್ಡ ಬೋಗುಣಿ) ಹತ್ರದ ಕರಾಟು ಊರಲ್ಲಿ ಎರಡು, ನ್ಡುಟು ಕಮ್ಮಿ ಅಂದ್ರೆ ಮೂರು. ನ್ಡುಟುಲಿ ಕತ್ರಿ ಆಡಿಸ್ಬೇಡಿ, ಯಾಕಂದ್ರೆ ಹಿಂಡು ಮಳೆ ಹಿಂದೆ ಓಡಾಡುತ್ತೆ, ಇವತ್ತು ಇಲ್ಲಿ ತುಂಬಿರೋದು ನಾಳೆ ಇಪ್ಪತ್ತು ಕಿ.ಮೀ ಆಚೆ. ಇನ್ನೊಂದ್ ವಿಷ್ಯ, ನ್ಡುಟುವಿನ ಹೆಚ್ಚಿನ ಭಾಗ ಗೊರೊಂಗೊರೊ ಕನ್ಸರ್ವೇಶನ್ ಏರಿಯಾಗೆ ಸೇರಿದ್ದು, ಅಲ್ಲಿ ಸೀಸನ್‌ನಲ್ಲಿ ದಾರಿ ಬಿಟ್ಟು ಬಯಲಿಗೆ ಗಾಡಿ ಇಳಿಸ್ಬಹುದು, ಸೆರೆಂಗೆಟಿ ಪಾರ್ಕ್ ಒಳಗೆ ಅದು ನಡೆಯಲ್ಲ. ಹಾಗಂತ ಡ್ರೈವರ್‌ಗೆ ಚೀತಾ ಹತ್ರ ಹೋಗು ಹೋಗು ಅಂತ ಒತ್ತಾಯ ಮಾಡ್ಬೇಡಿ, ಗಾಡಿ ಸುತ್ತುವರಿದ್ರೆ ಅದು ಬೇಟೆ ಬಿಟ್ಟು ಎದ್ದು ಹೋಗುತ್ತೆ.

ರಸ್ತೆ ಬಗ್ಗೆ ಸುಳ್ಳು ಹೇಳಲ್ಲ. ಕರಾಟು ತನಕ ಡಾಂಬರು, ಗೊರೊಂಗೊರೊ ಗೇಟ್ ದಾಟಿದ್ ಮೇಲೆ ತಗಡಿನ ಶೀಟ್ ಮೇಲೆ ಓಡಿಸಿದ ಹಾಗೆ, ಹಲ್ಲು ಕಟಕಟ. ಅತ್ತೆನ ಡ್ರೈವರ್ ಪಕ್ಕ ಇಲ್ಲ ಅವನ ಹಿಂದಿನ ಸಾಲಲ್ಲಿ ಕೂರಿಸಿ, ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ವಾಪಸ್ ಬರೋಕೆ ಚಿಕ್ಕ ವಿಮಾನ ಇದೆ, ಆ ದುಡ್ಡಿಗೆ ಮಾತ್ರ ಜಿಪುಣತನ ಬೇಡ. ಅದ್ರಲ್ಲಿ ಲಗೇಜು ಸಾಮಾನ್ಯವಾಗಿ ತಲಾ 15 ಕೆಜಿ, ಮೆತ್ತನೆ ಬ್ಯಾಗೇ ಆಗ್ಬೇಕು, ಗಟ್ಟಿ ಸೂಟ್‌ಕೇಸ್ ತಗೊಳ್ಳಲ್ಲ.

ಒಂಟಿಕೊಂಬು:
ಕ್ರೇಟರ್ ಬಗ್ಗೆ ಒಂದೆರಡು ಮಾತು ಸೇರಿಸ್ತೀನಿ. ಅಂಚು ಎರಡು ಸಾವಿರ ಮೀಟರ್‌ಗೂ ಮೇಲಿದೆ, ಬೆಳಗ್ಗೆ ಮಂಜು, ನಡುಗೋ ಚಳಿ, ಸ್ವೆಟರ್ ಕೈಲೇ ಇರ್ಲಿ. ಅಲ್ಲಿಂದ ಸುಮಾರು 600 ಮೀಟರ್ ಕೆಳಗಿಳಿದ್ರೆ ಬಿಸಿಲು. ಅಷ್ಟು ಪ್ರಾಣಿ ಇದ್ರೂ ತಳದಲ್ಲಿ ಜಿರಾಫೆ ಇಲ್ಲ, ಹುಡುಗ ಹುಡುಕ್ತಾ ಕೂತ್ಕೊಂಡಾನು. ಊಟದ ಜಾಗ ಕೆರೆ ಪಕ್ಕದಲ್ಲಿ, ತುಂಬಾ ಚಂದ, ಆದ್ರೆ ಹದ್ದುಗಳು ಕಾಯ್ತಿರ್ತವೆ, ಕೈಲಿರೋ ತಿಂಡಿ ಹಿಂದಿನಿಂದ ಬಂದು ಎತ್ಕೊಂಡು ಹೋಗ್ತವೆ, ಉಗುರು ತಾಗಿದ್ರೆ ರಕ್ತನೂ ಬರುತ್ತೆ. ಮಗು ಗಾಡಿ ಒಳಗೇ ತಿನ್ನಲಿ.

ಬಟ್ಟೆ ಕಡುನೀಲಿ, ಕಪ್ಪು ಬೇಡ, ಟ್ಸೆಟ್ಸೆ ನೊಣ ಆ ಬಣ್ಣಕ್ಕೇ ಬರುತ್ತೆ, ಕಚ್ಚಿದ್ರೆ ಬಟ್ಟೆ ಮೇಲಿಂದಲೇ ಕಚ್ಚುತ್ತೆ. ಹಳದಿ ಜ್ವರದ ಲಸಿಕೆ ಹಾಕಿಸ್ಕೊಂಡು ಹತ್ತು ದಿನ ಆದ್ ಮೇಲಷ್ಟೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರೋದು, ಕೊನೇ ವಾರಕ್ಕೆ ಬಿಡ್ಬೇಡಿ. ಅರವತ್ತು ದಾಟಿದವರಿಗೆ ಆ ಲಸಿಕೆ ಕೊಡ್ಬೇಕೋ ಬೇಡ್ವೋ ಅಂತ ಡಾಕ್ಟರೇ ನೋಡಿ ಹೇಳ್ಬೇಕು, ಅತ್ತೆನ ಮೊದ್ಲು ತೋರಿಸಿ, ಮಲೇರಿಯಾ ಮಾತ್ರೆನೂ ಆಗ್ಲೇ ಕೇಳ್ಕೊಳ್ಳಿ. ಗಾಡಿ ಬುಕ್ ಮಾಡುವಾಗ ಲ್ಯಾಂಡ್ ಕ್ರೂಸರಾ, ಮೇಲ್ಛಾವಣಿ ತೆಗೆಯುತ್ತಾ, ನಿಮ್ಮ ನಾಲ್ಕು ಜನಕ್ಕೇನಾ ಇಲ್ಲ ಬೇರೆಯವರೂ ಹತ್ತುತಾರಾ, ಇಷ್ಟನ್ನ ಬರವಣಿಗೇಲಿ ತಗೊಂಡೇ ಅಡ್ವಾನ್ಸ್ ಕೊಡಿ.